ಎಲ್‌ಡಿಎಲ್ ಮಿತಿಯಲ್ಲಿದ್ದರೂ ಮಧುಮೇಹಿಗೆ ಸ್ಟಾಟಿನ್ ಏಕೆ?

ಪ್ರಶ್ನೆ

ನನಗೆ 54 ವರ್ಷ, ಟೈಪ್ 2 ಮಧುಮೇಹವಿದೆ. ಈಚಿನ ವರದಿಯಲ್ಲಿ ಒಟ್ಟು ಕೊಲೆಸ್ಟರಾಲ್ 180, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್) 98, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟರಾಲ್) 34, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 240 ಎಂದಿದೆ. ಎಲ್‌ಡಿಎಲ್ ಹೆಚ್ಚಿಲ್ಲದಿದ್ದರೂ ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬರೆದಿದ್ದಾರೆ. ಮಧುಮೇಹದಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಆಸ್ಪಿರಿನ್ ಕೂಡ ಬೇಕೆ? ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಆಗಿಲ್ಲ.

ಉತ್ತರ 1

ಎಲ್‌ಡಿಎಲ್ ಎಂದರೆ ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತೊಯ್ಯುವ, ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವ ಕಣಗಳು. ವರದಿಯ ಎಲ್‌ಡಿಎಲ್ ಅಂಕಿಯು ಆ ಕಣಗಳು ಹೊತ್ತಿರುವ ಕೊಲೆಸ್ಟರಾಲಿನ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಕಣಗಳ ಸಂಖ್ಯೆಯನ್ನಲ್ಲ. ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿದ್ದಾಗ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲಗಳು ತಡೆಯಿಲ್ಲದೆ ಯಕೃತ್ತನ್ನು ಸೇರುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ತುಂಬಿದ ವಿಎಲ್‌ಡಿಎಲ್ ಕಣಗಳಾಗಿ ರಕ್ತಕ್ಕೆ ಬಿಡುತ್ತದೆ. ಆ ಟ್ರೈಗ್ಲಿಸರೈಡ್ ಕೊಲೆಸ್ಟರಾಲಿನ ಜಾಗದಲ್ಲಿ ಎಲ್‌ಡಿಎಲ್, ಎಚ್‌ಡಿಎಲ್‌ಗಳನ್ನು ಹೊಕ್ಕು, ಎಚ್‌ಡಿಎಲ್ ಬೇಗ ಕರಗಿಹೋಗುವಂತೆಯೂ ಎಲ್‌ಡಿಎಲ್ ಕಣಗಳು ಕಿರಿದಾಗಿ ದಟ್ಟವಾಗುವಂತೆಯೂ ಮಾಡುತ್ತದೆ. ಕಿರಿದಾದ ಕಣ ಹೊರುವ ಕೊಲೆಸ್ಟರಾಲ್ ಕಡಿಮೆಯಾದ್ದರಿಂದ, ಅಂಕಿ 98 ಇದ್ದರೂ ಕಣಗಳು ಹೆಚ್ಚೇ ಇರಬಹುದು. ನಿಮ್ಮ 180ರಿಂದ ಎಚ್‌ಡಿಎಲ್‌ನ 34 ಕಳೆದರೆ ಉಳಿಯುವ 146, ಅಂದರೆ ಉಳಿದೆಲ್ಲ ಕಣಗಳ ಕೊಲೆಸ್ಟರಾಲ್, ನಿಮ್ಮ ಅಪಾಯವನ್ನು ಇನ್ನಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ. ಅಪೊಬಿ (ಈ ಕಣಗಳಲ್ಲಿರುವ ಒಂದು ಪ್ರೋಟೀನ್) ಪರೀಕ್ಷೆ ಮಾಡಿಸಿದರೆ ಕಣಗಳ ಎಣಿಕೆಯೇ ಸಿಗುತ್ತದೆ, ಏಕೆಂದರೆ ಇಂಥ ಪ್ರತಿ ಕಣದಲ್ಲೂ ಅಪೊಬಿ ಅಣು ಒಂದೇ.

2004ರಲ್ಲಿ ಪ್ರಕಟವಾದ ಕಾರ್ಡ್ಸ್ ಅಧ್ಯಯನದಲ್ಲಿ, ಹೃದ್ರೋಗವಿಲ್ಲದ, ಎಲ್‌ಡಿಎಲ್ ಅಷ್ಟೇನೂ ಹೆಚ್ಚಿರದ ಮಧುಮೇಹಿಗಳಿಗೆ 10 ಮಿಲಿಗ್ರಾಂ ಅಟೊರ್ವಾಸ್ಟಾಟಿನ್ ಎಂಬ ಸ್ಟಾಟಿನ್ ಕೊಟ್ಟಾಗ ಹೃದಯ ಮತ್ತು ರಕ್ತನಾಳದ ಪ್ರಮುಖ ಅವಘಡಗಳು ಶೇ 37ರಷ್ಟು ತಗ್ಗಿದವು.

ಉತ್ತರ 2

ಹೆಪ್ಪುಗಟ್ಟುವಿಕೆಯ ಬಗ್ಗೆ ನೀವು ಓದಿದ್ದು ನಿಜ. ಟೈಪ್ 2 ಮಧುಮೇಹದಲ್ಲಿ ಪ್ಲೇಟ್‌ಲೆಟ್‌ಗಳು ಸುಲಭವಾಗಿ ಕೆರಳುತ್ತವೆ, ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್ ಪ್ರೋಟೀನ್ ಏರುತ್ತದೆ, ಹೆಪ್ಪನ್ನು ಕರಗಿಸುವ ವ್ಯವಸ್ಥೆಗೆ ಅಡ್ಡಿಪಡಿಸುವ ಪಿಎಐ-1 ಕೂಡ ಹೆಚ್ಚುತ್ತದೆ. ಆದರೆ ಅದರಿಂದ ಎಲ್ಲರಿಗೂ ಆಸ್ಪಿರಿನ್ ಬೇಕೆಂದಾಗುವುದಿಲ್ಲ. 2018ರ ಅಸೆಂಡ್ ಅಧ್ಯಯನದಲ್ಲಿ, ಮೊದಲೇ ಹೃದ್ರೋಗವಿಲ್ಲದ 15,480 ಮಧುಮೇಹಿಗಳಲ್ಲಿ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಗಂಭೀರ ರಕ್ತನಾಳದ ಅವಘಡಗಳನ್ನು ಶೇ 12ರಷ್ಟು ಇಳಿಸಿತು, ದೊಡ್ಡ ರಕ್ತಸ್ರಾವಗಳನ್ನು ಶೇ 29ರಷ್ಟು ಏರಿಸಿತು. ಈಗಾಗಲೇ ಹೃದಯಾಘಾತವಾದವರ ಲೆಕ್ಕವೇ ಬೇರೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆಂದು ನೀವಾಗಿಯೇ ಶುರುಮಾಡಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಟ್ರೈಗ್ಲಿಸರೈಡ್ ಇಳಿಸಲು ಬೇರೆ ಮಾತ್ರೆಯನ್ನು ಕೇಳಬೇಕೆ?

ಉತ್ತರ 1

240ಕ್ಕೆ ಅವಸರವೇನಿಲ್ಲ. ಸಕ್ಕರೆಯ ಹತೋಟಿ, ತೂಕ, ಮದ್ಯಪಾನ, ಥೈರಾಯ್ಡ್ ಇವುಗಳನ್ನು ಮೊದಲು ನೋಡಬೇಕು. 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯದಿಂದ ಚಿಕಿತ್ಸೆ ಬೇರೆಯಾಗುತ್ತದೆ. 2022ರ ಪ್ರಾಮಿನೆಂಟ್ ಅಧ್ಯಯನದಲ್ಲಿ ಪೆಮಾಫೈಬ್ರೇಟ್ ಎಂಬ ಮಾತ್ರೆ ಟ್ರೈಗ್ಲಿಸರೈಡನ್ನು ಸುಮಾರು ಕಾಲು ಭಾಗ ತಗ್ಗಿಸಿಯೂ ಹೃದಯದ ಅವಘಡಗಳನ್ನು ತಗ್ಗಿಸಲಿಲ್ಲ. ಅಲ್ಲಿ ಅಪೊಬಿ, ಅಂದರೆ ಕಣಗಳ ಸಂಖ್ಯೆ, ಇಳಿದಿರಲೇ ಇಲ್ಲ.