ಲಿಮೋಜ್‌ನ ಬೆಕೆಟ್ ಪೆಟ್ಟಿಗೆ: ಒಳಗಿನದು ಕಾಣದಿದ್ದರೆ ನಮಿಸುವುದು ಯಾವುದಕ್ಕೆ?

ಪ್ರಶ್ನೆ:
ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಬೆಕೆಟ್ ಪೆಟ್ಟಿಗೆಯ ಚಿತ್ರಗಳನ್ನು ನೋಡುತ್ತಿದ್ದೆ. ಇಳಿಜಾರು ಸೂರಿನ ಪುಟ್ಟ ಮನೆಯಂತಿರುವ, ಸುಮಾರು 30 ಸೆಂ.ಮೀ. ಎತ್ತರದ ಇದು 1180ರ ದಶಕದಲ್ಲಿ ಫ್ರಾನ್ಸಿನ ಲಿಮೋಜ್‌ನಲ್ಲಿ ತಯಾರಾದದ್ದು ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಕೊಲೆಯಾದ ಸಂತ ಥಾಮಸ್ ಬೆಕೆಟ್‌ರ ಅವಶೇಷವನ್ನು ಇಡಲೆಂದೇ ಮಾಡಿದ ಪೆಟ್ಟಿಗೆಯಾದರೂ ಒಳಗಿನದು ಹೊರಗೆ ಕಾಣುವುದಿಲ್ಲ. ಹಾಗಿದ್ದರೆ ಭಕ್ತರು ನಮಿಸುತ್ತಿದ್ದುದು ಯಾವುದಕ್ಕೆ? ಪೆಟ್ಟಿಗೆಯ ಆ ಗಾಢ ನೀಲಿ ಬಣ್ಣವನ್ನು ತಾಮ್ರದ ಮೇಲೆ ತಂದದ್ದು ಹೇಗೆ?

ಉತ್ತರ 1:
ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಇದು ನಮ್ಮಲ್ಲಿ ಮೀನಾ ಕೆಲಸ ಎನ್ನುವುದರ ಜಾತಿಯದೇ. ದಪ್ಪ ತಾಮ್ರದ ತಗಡಿನಲ್ಲಿ ಉಳಿಯಿಂದ ಗುಳಿ ತೋಡಿ, ಬಣ್ಣದ ಗಾಜಿನ ಒದ್ದೆ ಪುಡಿಯನ್ನು ಅದರಲ್ಲಿ ತುಂಬಿ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಕರಗಿದ ಗಾಜು ತಗ್ಗುವುದರಿಂದ ಮತ್ತೆ ತುಂಬಿ ಮತ್ತೆ ಕಾಯಿಸಬೇಕಾಗುತ್ತಿತ್ತು. ಕೊನೆಗೆ ಉಜ್ಜಿ ನಯಗೊಳಿಸಿ, ಉಳಿದ ತಾಮ್ರಕ್ಕೆ ಪಾದರಸದ ನೆರವಿನಿಂದ ಚಿನ್ನದ ಲೇಪ ಕೊಡುತ್ತಿದ್ದರು. ಅಪ್ಪಟ ಚಿನ್ನಕ್ಕಿಂತ ಬಹಳ ಅಗ್ಗವಾಗಿದ್ದ ಈ ಕೆಲಸ ಯುರೋಪಿನ ಉದ್ದಗಲಕ್ಕೂ ಮಾರಾಟವಾಯಿತು.

ಉತ್ತರ 2:
ಅವಶೇಷ ಕಾಣದಿರುವುದು ಕೊರತೆಯೆಂದು ಆ ಕಾಲದವರು ಭಾವಿಸಿರಲಿಲ್ಲ. ಅವಶೇಷಗಳನ್ನು ಪೆಟ್ಟಿಗೆಯಿಂದ ಹೊರಗೆ ಪ್ರದರ್ಶಿಸಕೂಡದು, ಮಾರಕೂಡದು ಎಂದು ಕ್ರೈಸ್ತ ಧರ್ಮಗುರುಗಳ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯೇ ವಿಧಿಸಿತು. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಸಲ್ಲುವುದು ಗೌರವ ಎಂಬ ವ್ಯತ್ಯಾಸವೂ ಹಳೆಯದು. ಪೆಟ್ಟಿಗೆಯನ್ನು ಚರ್ಚಿನ ಪೂಜಾವೇದಿಕೆಯಾದ ಬಲಿಪೀಠದ ಮೇಲಿಡುತ್ತಿದ್ದರು, ಹಬ್ಬದ ದಿನ ಮೆರವಣಿಗೆಯಲ್ಲಿ ಹೊರುತ್ತಿದ್ದರು. ಒಳಗಿರುವುದು ಎಲುಬಿನ ಚೂರೇ ಆಗಲಿ ಬಟ್ಟೆಯ ತುಣುಕೇ ಆಗಲಿ, ಸಂತರೇ ಅಲ್ಲಿದ್ದಾರೆಂಬ ನಂಬಿಕೆಯಿತ್ತು.

ಆದರೆ ನನ್ನ ಮಟ್ಟಿಗೆ ನಿಜವಾದ ಸ್ವಾರಸ್ಯ ಇರುವುದು ಮುಂಬದಿಯ ಚಿತ್ರದಲ್ಲಿ. ಮಹಾಧರ್ಮಾಧ್ಯಕ್ಷ ಥಾಮಸ್ ಬೆಕೆಟ್ 1170ರ ಡಿಸೆಂಬರ್ 29ರಂದು ಕ್ಯಾಂಟರ್ಬರಿಯ ಪ್ರಧಾನಾಲಯದಲ್ಲಿ (ಕ್ಯಾಥೆಡ್ರಲ್) ಹತರಾದದ್ದು ಸಂಜೆಯ ಪ್ರಾರ್ಥನೆಯ ಹೊತ್ತಿನಲ್ಲಿ. ಆಗ ಅವರು ಕ್ರಿಸ್ತನ ಬಲಿಯನ್ನು ನೆನೆಯುವ ಬಲಿಪೂಜೆ (ಮಾಸ್) ಅರ್ಪಿಸುತ್ತಿರಲಿಲ್ಲ. ಕಲಾವಿದನೋ ಅವರನ್ನು ಆ ಪೂಜೆಯ ದ್ರಾಕ್ಷಾರಸದ ಪಾನಪಾತ್ರೆ ಇಟ್ಟ ಬಲಿಪೀಠದ ಎದುರಿಗೇ ನಿಲ್ಲಿಸಿ, ಕತ್ತಿ ಬೀಸುವ ಯೋಧರನ್ನು ಹಿಂದಿನಿಂದ ತಂದಿದ್ದಾನೆ. ನಿಜವಾದ ಬಲಿಪೀಠದ ಮೇಲೆ ಚಿತ್ರದ ಬಲಿಪೀಠ, ಅದರ ಹಿಂದೆಯೇ, ತಗಡನ್ನು ಕೂರಿಸಿದ ಮರದ ಹಲಗೆಯಾಚೆ, ಅದೇ ಸಂತರ ಅವಶೇಷ! ಬಲಿಪೂಜೆ ನಡೆಸುವ ಗುರುಗಳು ಪಾನಪಾತ್ರೆಯನ್ನು ಎತ್ತುವಾಗ ಕೊಲೆಯೂ ಕ್ರಿಸ್ತನ ಬಲಿಯೂ ಒಂದೇ ನೋಟದಲ್ಲಿ ಕೂಡುತ್ತಿದ್ದವು. ಓದು ಬಾರದವನಿಗೂ ಇದು ತಿಳಿಯುವಂಥದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕೊಂದವರು ನಾಲ್ವರು ಎಂದು ಓದಿದ್ದೆ. ಚಿತ್ರಗಳಲ್ಲಿ ಅಷ್ಟು ಜನ ಕಾಣುವುದಿಲ್ಲವಲ್ಲ?

ಉತ್ತರ 2:
ನಾಲ್ವರೆಂಬುದು ಸರಿ. ಬೆಕೆಟ್‌ರ ಇಂಥ ಪೆಟ್ಟಿಗೆಗಳು ಇಂದಿಗೂ ನಲವತ್ತಕ್ಕೂ ಹೆಚ್ಚು ಉಳಿದಿವೆ. ಅನೇಕವುಗಳಲ್ಲಿ ಇಬ್ಬರೋ ಮೂವರೋ ಇದ್ದಾರೆ. ತಗಡಿನ ಅಗಲ ಅಷ್ಟೇ, ಮೇಲಾಗಿ ಬಲಿಪೀಠಕ್ಕೆ ಜಾಗ ಬಿಡಲೇಬೇಕಿತ್ತು.