ಪದಚರ್ಚೆ: ‘ರೇಶಿಯಲ್ ಈಕ್ವಿಟಿ’ಗೆ ಕನ್ನಡದಲ್ಲಿ ಏನೆನ್ನಬೇಕು? ಶುಕ್ರವಾರದೊಳಗೆ ಬೇಕು

ಒಂಟಾರಿಯೊದಿಂದ:

ಮಾನ್ಯರೇ, ಇಲ್ಲಿನ ನಮ್ಮ ಕನ್ನಡ ಬಳಗವು ಹಿರಿಯರಿಗಾಗಿ ಒಂದು ಪುಟದ ತಿಳಿವಳಿಕೆ ಪತ್ರವನ್ನು ಸಿದ್ಧಪಡಿಸುತ್ತಿದ್ದು, ಅದು ಶುಕ್ರವಾರ ಮುದ್ರಣಕ್ಕೆ ಹೋಗಬೇಕು. ಕೆನಡಾದ ಒಕ್ಕೂಟ ಸರ್ಕಾರವು ರೇಸಿಸಂ (ಮೂಲ ಅಥವಾ ಮೈಬಣ್ಣ ನೋಡಿ ಜನರನ್ನು ಕೀಳಾಗಿ ಕಾಣುವುದು) ವಿರುದ್ಧ 2019ರಲ್ಲಿ 4.5 ಕೋಟಿ ಡಾಲರುಗಳ ಮೂರು ವರ್ಷದ ಕಾರ್ಯಯೋಜನೆಯೊಂದನ್ನು ಪ್ರಕಟಿಸಿತು; 2024ರಲ್ಲಿ ಅದರ ಮುಂದಿನ ಹಂತ ಬಂದಿತು. ‘ಕೆನಡಿಯನ್ ಹೆರಿಟೇಜ್’ ಇಲಾಖೆಯ ಮೂಲಕ ಸ್ಥಳೀಯ ಸಂಘಗಳು ಇಂಥ ಕೆಲಸಗಳಿಗೆ ಹಣ ಕೇಳಬಹುದು ಎಂಬುದನ್ನು ಹಿರಿಯರಿಗೆ ತಿಳಿಸುವುದು ನಮ್ಮ ಉದ್ದೇಶ. ‘ರೇಶಿಯಲ್ ಈಕ್ವಿಟಿ’ಯನ್ನು ‘ಜನಾಂಗೀಯ ಸಮಾನತೆ’ ಎಂದು ಅನುವಾದಿಸಿ ನಾನು ಕೊಟ್ಟಿದ್ದ ಶೀರ್ಷಿಕೆ ‘ಜನಾಂಗೀಯ ಸಮಾನತೆಗಾಗಿ ಸಮುದಾಯ ಅನುದಾನ’. ಕರಡನ್ನು ಓದಿದ ಹಾಸನದ ಕಡೆಯ ಹಿರಿಯರೊಬ್ಬರು ಕೂಡಲೇ ಕೇಳಿದ್ದು: ‘ಇದು ಯಾವ ಜನಾಂಗಕ್ಕೆ ಕೊಡೋ ದುಡ್ಡು? ನಮ್ಮೋರಿಗೂ ಬರುತ್ತಾ?’ ಅವರು ಅದನ್ನು ಜಾತಿಯ ನಿಗಮದ ಹಣವೆಂದೇ ತಿಳಿದಿದ್ದರು. ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ.

ಮೈಸೂರಿನಿಂದ:

‘ಜನಾಂಗ’ವನ್ನು ಕೈಬಿಡಿ. ಜನದ ಅಂಗವೇ ಜನಾಂಗ; ‘ಯುವಜನಾಂಗ’ ಎನ್ನುವಾಗ ಅದು ತಲೆಮಾರು, ‘ಹಿಂದುಳಿದ ಜನಾಂಗ’ ಎನ್ನುವಾಗ ಅದು ಜಾತಿ. ನಮ್ಮ ಸಂವಿಧಾನದ 15ನೆಯ ವಿಧಿಯು ರೇಸ್ ಮತ್ತು ಜಾತಿಗಳನ್ನು ಬೇರೆ ಬೇರೆಯಾಗಿ ಹೆಸರಿಸಿದ್ದು, ಅದರ ಹಿಂದಿ ಪಾಠದಲ್ಲಿರುವ ‘ಮೂಲವಂಶ’ ಎಂಬ ಪದವೇ ಇಲ್ಲಿಗೆ ಸರಿಯಾದುದು. ಇನ್ನೊಂದು ಮಾತು. ಯಾರಾದರೂ ‘ತಾರತಮ್ಯ’ವನ್ನು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದರಲ್ಲಿರುವುದು ಹೋಲಿಕೆಯನ್ನು ಹೇಳುವ ತರ, ತಮ ಪ್ರತ್ಯಯಗಳು. ‘ಲಘುತರ, ಲಘುತಮ’ ಎನ್ನುವಲ್ಲಿ ಅನ್ಯಾಯದ ಸುಳಿವೂ ಇಲ್ಲ. ಮಾಧ್ವ ಸಿದ್ಧಾಂತದಲ್ಲಿ ಅದು ಜೀವರ ನಡುವಣ ಶ್ರೇಣಿಯನ್ನು ಹೇಳುವ ಗೌರವದ ಪದ. ಅದನ್ನು ಬೈಗುಳವಾಗಿ ಬಳಸುವುದು ಅಜ್ಞಾನ. ‘ಮೂಲವಂಶಭೇದ ನಿವಾರಣೆ’ ಎಂದು ಬರೆಯಿರಿ.

ದಾವಣಗೆರೆಯಿಂದ:

‘ಮೂಲವಂಶ’ವನ್ನು ಓದಿ ಅರ್ಥ ಮಾಡಿಕೊಳ್ಳುವ ಅಜ್ಜಿಯೊಬ್ಬರನ್ನು ನನಗೆ ತೋರಿಸಿ. ಇಂಗ್ಲಿಷಿನಿಂದ ತಂದರೆ ಎರವಲು, ಸಂಸ್ಕೃತದಿಂದ ತಂದರೆ ಸ್ವಂತದ್ದು ಎಂಬ ನಿಲುವನ್ನು ನಾನು ಒಪ್ಪುವುದಿಲ್ಲ. ‘ಮೈಬಣ್ಣದ ಮೇಲುಕೀಳು’ ಎಂದು ಬರೆದರೆ ಓದಿದವರಿಗೂ ಓದದವರಿಗೂ ತಿಳಿಯುತ್ತದೆ. ‘ಅನುದಾನ’ ಏಕೆ? ನಮ್ಮ ಊರಿನಲ್ಲಿ ‘ಶಾಲೆಗೆ ಗ್ರಾಂಟು ಬಂತು’ ಎಂದೇ ಹೇಳುವುದು.

ಮೈಸೂರಿನಿಂದ:

ಊರಿನ ಆಡುಮಾತು ಬೇರೆ, ಸರ್ಕಾರಿ ಶೀರ್ಷಿಕೆ ಬೇರೆ. ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಧಾರವಾಡದಿಂದ:

ಇಪ್ಪತ್ತು ವರ್ಷಗಳಿಂದ ಕಾನೂನು ಪತ್ರಗಳನ್ನು ಕನ್ನಡಕ್ಕೆ ತರುತ್ತಿರುವವಳಾಗಿ ಈ ಚರ್ಚೆ ಮತ್ತೆ ಎರವಲಿನ ಜಗಳಕ್ಕೆ ಜಾರುತ್ತಿರುವುದು ನನಗೆ ನೋವು ತರುತ್ತದೆ, ಏಕೆಂದರೆ ಪದವು ಎಲ್ಲಿಂದ ಬಂದಿತು ಎಂಬುದಕ್ಕಿಂತ ಅದು ಯಾವ ಅನ್ಯಾಯವನ್ನು ಹೆಸರಿಸಬೇಕಾಗಿದೆ ಎಂಬುದು ಇಲ್ಲಿ ಮುಖ್ಯ. ದಾವಣಗೆರೆಯ ಮಿತ್ರರ ‘ಮೈಬಣ್ಣ’ ಸೊಗಸಾದ ಮಾತಾದರೂ ಸಾಲದು. 1914ರಲ್ಲಿ ‘ಕೊಮಗಾತ ಮಾರು’ ಹಡಗಿನಲ್ಲಿ ಕೆನಡಾದ ವ್ಯಾಂಕೂವರಿಗೆ ಬಂದ 376 ಭಾರತೀಯ ಪ್ರಯಾಣಿಕರಲ್ಲಿ ಬಹುಪಾಲಿನವರನ್ನು ದಡಕ್ಕಿಳಿಸದೆ, ಎರಡು ತಿಂಗಳು ನೀರಿನ ಮೇಲೆಯೇ ಕಾಯಿಸಿ ಹಿಂದಕ್ಕೆ ಕಳುಹಿಸಿದಾಗ ಮುಂದಿಟ್ಟ ನಿಯಮಗಳಲ್ಲೊಂದು, ವಲಸಿಗರು ತಮ್ಮ ನಾಡಿನಿಂದ ಎಲ್ಲಿಯೂ ನಿಲ್ಲದೆ ಒಂದೇ ಪ್ರಯಾಣದಲ್ಲಿ ಬರಬೇಕು ಎಂಬುದು. ಆ ನಿಯಮದಲ್ಲಿ ಬಣ್ಣದ ಮಾತೂ ಇರಲಿಲ್ಲ, ದ್ವೇಷದ ಮಾತೂ ಇರಲಿಲ್ಲ. ಭಾರತದಿಂದ ಬರುವವರಿಗೆ ಹಾಗೆ ಬರಲು ದಾರಿಯೇ ಇರಲಿಲ್ಲ, ಅಷ್ಟೇ. ಆದ್ದರಿಂದಲೇ ‘ಜನಾಂಗದ್ವೇಷ’ವೂ ಬೇಡ. ದ್ವೇಷವು ಮನಸ್ಸಿನೊಳಗೆ ಇರುವಂಥದು. ಈ ಅನುದಾನವು ಮುಟ್ಟಬೇಕೆಂದಿರುವುದು ನಿಯಮಗಳನ್ನು, ಅರ್ಜಿಗಳನ್ನು, ನೇಮಕಾತಿಗಳನ್ನು.

‘ತಾರತಮ್ಯ’ದ ಹುಟ್ಟಿನ ಬಗ್ಗೆ ಮೈಸೂರಿನವರು ಹೇಳಿದ್ದು ನಿಜ. ಆದರೆ ಲಿಂಗತಾರತಮ್ಯ ಎಂದು ಶಾಲೆಯ ಮಕ್ಕಳೂ ಬರೆಯುವ ಈ ಕಾಲದಲ್ಲಿ ಪದದ ಇಂದಿನ ಅರ್ಥವನ್ನು ಪ್ರತ್ಯಯಗಳಿಂದ ಅಳಿಸಲಾಗದು. ಅದನ್ನೇ ಇಟ್ಟುಕೊಳ್ಳಿ. ‘ಅನುದಾನ’ವೂ ಇರಲಿ: ಅನುದಾನಿತ ಶಾಲೆ ಯಾವುದೆಂದು ನಮ್ಮ ಹಿರಿಯರಿಗೆ ಗೊತ್ತು. ‘ಸಹಾಯಧನ’ ಎಂದರೆ ರೈತರಿಗೆ ಬರುವ ಸಬ್ಸಿಡಿಯ ನೆನಪಾಗುತ್ತದೆ. ‘ಸಮುದಾಯ’ವನ್ನು ಮಾತ್ರ ಶೀರ್ಷಿಕೆಯಿಂದ ತೆಗೆಯಿರಿ. ‘ಸಮುದಾಯದ ಮುಖಂಡರು’ ಎಂದು ದಿನವೂ ಪತ್ರಿಕೆಯಲ್ಲಿ ಓದುವವರಿಗೆ, ‘ಜನಾಂಗ’ದ ಪಕ್ಕದಲ್ಲಿ ಅದೂ ನಿಂತರೆ, ಜಾತಿಯ ಹೊರತು ಬೇರೇನೂ ಹೊಳೆಯುವುದಿಲ್ಲ, ‘ಸ್ಥಳೀಯ ಸಂಘಗಳಿಗೆ’ ಎಂದರೆ ಸಾಕು.

ಉಳಿದದ್ದು ‘ಈಕ್ವಿಟಿ’. ನಿಜವಾದ ತೊಡಕು ಇಲ್ಲಿದೆ, ಇದನ್ನು ಯಾರೂ ಮುಟ್ಟಲಿಲ್ಲ. 1984ರಲ್ಲಿ ಕೆನಡಾದ ನ್ಯಾಯಾಧೀಶೆ ರೋಸಲಿ ಅಬೆಲ್ಲಾ ಅವರ ಆಯೋಗವು ‘ಎಂಪ್ಲಾಯ್‌ಮೆಂಟ್ ಈಕ್ವಿಟಿ’ ಎಂಬ ಮಾತನ್ನು ಮುಂದಿಟ್ಟಿತು. 1986ರಲ್ಲಿ ಅದೇ ಹೆಸರಿನ ಕಾಯ್ದೆ ಬಂದು ಮಹಿಳೆಯರು, ಮೂಲನಿವಾಸಿಗಳು, ಅಂಗವಿಕಲರು, ಬಿಳಿಯರಲ್ಲದ ಅಲ್ಪಸಂಖ್ಯಾತರು ಎಂಬ ನಾಲ್ಕು ಗುಂಪುಗಳನ್ನು ಗುರುತಿಸಿತು. ಎಲ್ಲರನ್ನೂ ಒಂದೇ ರೀತಿ ಕಂಡರೆ ಸಾಲದು, ಹಿಂದೆ ತಡೆಯಲ್ಪಟ್ಟವರಿಗೆ ಎದುರಾಗುವ ಅಡ್ಡಿಯನ್ನು ತೆಗೆಯಬೇಕು ಎಂಬುದು ಅದರ ಹುರುಳು. ‘ಸಮಾನತೆ’ ಎಂದರೆ ಈ ಅರ್ಥ ಕಳೆದುಹೋಗುತ್ತದೆ. ‘ಸಮತೆ’ಯನ್ನು ಅದರಿಂದ ಬೇರ್ಪಡಿಸಿ ಓದುವವರು ವಿರಳ. ಮನೆ ಪಾಲಾಗುವಾಗ ನಾವು ‘ನ್ಯಾಯವಾಗಿ ಸಲ್ಲಬೇಕಾದ ಪಾಲು’ ಎನ್ನುತ್ತೇವಲ್ಲ, ಈಕ್ವಿಟಿಗೆ ಅದಕ್ಕಿಂತ ಹತ್ತಿರದ ಕನ್ನಡ ನನಗೆ ಕಂಡಿಲ್ಲ.

ದಾವಣಗೆರೆಯಿಂದ:

‘ನ್ಯಾಯ’ವೂ ಸಂಸ್ಕೃತವೇ. ಆದರೂ ಈ ಮಾತು ಜನರ ಬಾಯಲ್ಲಿರುವುದರಿಂದ ಒಪ್ಪುತ್ತೇನೆ.

ಮೈಸೂರಿನಿಂದ:

‘ತಾರತಮ್ಯ’ಕ್ಕೆ ನನ್ನ ಒಪ್ಪಿಗೆ ಇಲ್ಲ. ದಾಖಲಾಗಿರಲಿ.

ಒಂಟಾರಿಯೊದಿಂದ:

ಎಲ್ಲರಿಗೂ ವಂದನೆಗಳು. ಧಾರವಾಡದವರ ಮಾತನ್ನು ಅನುಸರಿಸಿ, ಮೈಸೂರಿನವರ ‘ಮೂಲ’ವನ್ನೂ ದಾವಣಗೆರೆಯವರ ‘ಮೈಬಣ್ಣ’ವನ್ನೂ ಉಳಿಸಿಕೊಂಡು ಶೀರ್ಷಿಕೆಯನ್ನು ಹೀಗೆ ತಿದ್ದಿದ್ದೇನೆ: ‘ಮೂಲ ಅಥವಾ ಮೈಬಣ್ಣದ ಕಾರಣಕ್ಕೆ ನಡೆಯುವ ತಾರತಮ್ಯವನ್ನು ತೊಡೆದು, ಎಲ್ಲರಿಗೂ ನ್ಯಾಯವಾಗಿ ಸಲ್ಲಬೇಕಾದ ಪಾಲನ್ನು ದೊರಕಿಸುವ ಕೆಲಸಗಳಿಗಾಗಿ ಸ್ಥಳೀಯ ಸಂಘಗಳಿಗೆ ಅನುದಾನ’. ಉದ್ದವಾಯಿತು, ಆದರೆ ಹಾಸನದ ಹಿರಿಯರು ಇದನ್ನು ಒಮ್ಮೆ ಓದಿ, ‘ಹಂಗಾದ್ರೆ ಜಾತಿಯಿಂದ ಆಗೋ ತಾರತಮ್ಯ ಇದರಲ್ಲಿ ಸೇರುತ್ತಾ?’ ಎಂದು ಕೇಳಿದರು. ಅವರ ಮೊದಲ ಪ್ರಶ್ನೆಗಿಂತ ಇದು ತೂಕದ್ದು. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರವು ಜಾತಿ ತಾರತಮ್ಯವನ್ನು ನಿಷೇಧಿಸಿತು, ಮರು ತಿಂಗಳು ಟೊರಾಂಟೊ ಶಾಲಾ ಮಂಡಳಿಯೂ ಆ ವಿಷಯವನ್ನು ಎತ್ತಿಕೊಂಡಿತು. ಆದ್ದರಿಂದ ಜಾತಿಯನ್ನು ಶೀರ್ಷಿಕೆಯಲ್ಲಿ ತಪ್ಪಾಗಿ ಸೂಚಿಸದೆ, ಒಳಗೆ ಒಂದು ಸಾಲಿನಲ್ಲಿ ಹೆಸರು ಹಿಡಿದೇ ಪ್ರಸ್ತಾಪಿಸಲು ಬಳಗದವರು ಒಪ್ಪಿದ್ದಾರೆ.

ಮುಂದಿನ ಪತ್ರಕ್ಕೆ ‘ರೇಶಿಯಲೈಸ್ಡ್’ ಎಂಬುದಕ್ಕೆ ಪದ ಬೇಕಾಗಿದೆ: ಹುಟ್ಟಿನಿಂದಲ್ಲ, ಸಮಾಜವು ಹಾಗೆ ಗುರುತಿಸಿದ್ದರಿಂದ ಬೇರೆಯಾದವರು ಎಂಬ ಅರ್ಥದಲ್ಲಿ. ‘ಜನಾಂಗೀಕೃತ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಸೋಮವಾರದವರೆಗೆ ಕಾಲವಿದೆ.