ಅಜ್ಜನ 48 ಗಂಟೆ ಮಾತು ಫೋನಿನಲ್ಲಿದೆ: ಬರಹಕ್ಕೆ ಇಳಿಸಿದವರು ಹೇಗೆ ಮಾಡಿದಿರಿ?

ಕೇಳಿದವರು, ಸಾಗರ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನಿಗೆ ಈಗ 86 ವರ್ಷ. ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದಾಗ ಊರು ಮುಳುಗಿ, ಬೇರೆ ಕಡೆ ಬಂದು ಮನೆ ಕಟ್ಟಿಕೊಂಡವರು. ಮೂರು ವರ್ಷದಿಂದ ಊರಿಗೆ ಹೋದಾಗಲೆಲ್ಲ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಒಟ್ಟು 143 ಫೈಲ್, ಹೆಚ್ಚುಕಮ್ಮಿ 48 ಗಂಟೆ. ಎಲ್ಲದರ ಹೆಸರೂ ‘ವಾಯ್ಸ್ 001’, ‘ವಾಯ್ಸ್ 002’ ಹೀಗೇ ಇದೆ. ಯಾವುದರಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ. ಫೋನ್ ಬೇರೆ ಜಾಗ ಇಲ್ಲ ಅಂತ ದಿನಾ ತೋರಿಸುತ್ತಿದೆ. ಎಲ್ಲ ಬರೆದು, ಮನೆಯವರಿಗೆ ಒಂದು ಪುಸ್ತಕದ ಹಾಗೆ ಮಾಡಿ ಕೊಡುವ ಆಸೆ. ಕನ್ನಡಕ್ಕೆ ಯಾವ ಆಪ್ ಒಳ್ಳೆಯದು? ಬರೆದಾದ ಮೇಲೆ ಆಡಿಯೊ ಅಳಿಸಬಹುದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ದಾವಣಗೆರೆಯಿಂದ:

ತಂಗಿ, ಆಪ್ ವಿಷಯ ಆಮೇಲೆ ನೋಡೋಣ. ಇವತ್ತು ರಾತ್ರಿ ಮಲಗುವ ಮೊದಲು ಎಲ್ಲ ಫೈಲುಗಳನ್ನೂ ಇನ್ನೊಂದು ಕಡೆ ಕಾಪಿ ಮಾಡಿಬಿಡಿ. ನಮ್ಮಮ್ಮ ಹೇಳಿದ ಹಾಡು, ಕಥೆ ಎರಡು ವರ್ಷದ್ದು ನನ್ನ ಫೋನಿನಲ್ಲಿತ್ತು. ಡಿಸ್‌ಪ್ಲೇ ಒಡೆಯಿತು ಅಂತ ರಿಪೇರಿಗೆ ಕೊಟ್ಟೆ. ಅವರು ಫೋನನ್ನು ರೀಸೆಟ್ ಮಾಡಿ ವಾಪಸ್ ಕೊಟ್ಟರು. ಗೂಗಲ್ ಫೋಟೋಸ್‌ನಲ್ಲಿ ಎಲ್ಲ ಇರುತ್ತೆ ಅಂತ ನಾನು ಧೈರ್ಯವಾಗಿದ್ದೆ. ಅದು ಫೋಟೊ ಮತ್ತು ವಿಡಿಯೊ ಮಾತ್ರ ತೆಗೆದುಕೊಳ್ಳುತ್ತದೆ, ಆಡಿಯೊ ತೆಗೆದುಕೊಳ್ಳುವುದಿಲ್ಲ ಅಂತ ಅವತ್ತೇ ಗೊತ್ತಾಗಿದ್ದು. ಅಮ್ಮ ಈಗ ಇಲ್ಲ. ನಿಮಗೆ ಹಾಗಾಗುವುದು ಬೇಡ. ಕೇಬಲ್ ಹಾಕಿ ಕಂಪ್ಯೂಟರಿಗೆ ಒಂದು ಕಾಪಿ, ಪೆನ್‌ಡ್ರೈವ್‌ಗೆ ಒಂದು, ಗೂಗಲ್ ಡ್ರೈವ್‌ಗೆ ಒಂದು. ಆಮೇಲೆ ಅಲ್ಲಲ್ಲಿ ನಾಲ್ಕು ಫೈಲ್ ತೆರೆದು ಕೇಳಿ. ಕಾಪಿ ಆಗಿದೆ ಅಂತ ತೋರಿಸಿದ್ದೆಲ್ಲ ಕೇಳಿಸುತ್ತದೆ ಅಂತ ನಂಬಬೇಡಿ.

ಮೈಸೂರಿನಿಂದ:

ಜಾಗದ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಈ ಗಾಬರಿಯಲ್ಲೇ ಜನ ರೆಕಾರ್ಡಿಂಗ್ ಅಳಿಸುತ್ತಾರೆ. ಫೋನಿನ ರೆಕಾರ್ಡರ್ 128 ಕೆಬಿಪಿಎಸ್‌ನಲ್ಲಿದ್ದರೆ (ಸೆಕೆಂಡಿಗೆ 128 ಕಿಲೋಬಿಟ್) ಒಂದು ಗಂಟೆಗೆ 58 ಎಂಬಿ ಹತ್ತಿರ ಆಗುತ್ತದೆ. 48 ಗಂಟೆ ಅಂದರೆ ಮೂರು ಜಿಬಿಯೂ ಇಲ್ಲ. ಗೂಗಲ್ ಡ್ರೈವ್‌ನ ಉಚಿತ 15 ಜಿಬಿಯಲ್ಲಿ ಆರಾಮಾಗಿ ಹಿಡಿಸುತ್ತದೆ. ನಿಮ್ಮ ಫೋನ್ ತುಂಬಿರುವುದು ಅಜ್ಜನ ಮಾತಿನಿಂದ ಅಲ್ಲ, ವಾಟ್ಸ್ಆ್ಯಪ್ ವಿಡಿಯೊಗಳಿಂದ ಇರಬೇಕು. ಅಲ್ಲಿ ಖಾಲಿ ಮಾಡಿ. ಐಫೋನ್ ಆದರೆ ಇನ್ನೊಂದು ವಿಷಯ. ವಾಯ್ಸ್ ಮೆಮೋಸ್ ಐಕ್ಲೌಡ್‌ಗೆ ಜೋಡಿಸಿದ್ದರೆ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಹಾಗಾಗಿ ಅದನ್ನೊಂದನ್ನೇ ಬ್ಯಾಕಪ್ ಅಂತ ಲೆಕ್ಕ ಹಿಡಿಯಬೇಡಿ.

ಶಿರಸಿಯಿಂದ:

ನಿಮ್ಮ ಕಡೆಯವನೇ ಅನ್ನಿ. ನಮ್ಮಪ್ಪನ 31 ಗಂಟೆ ಮಾತನ್ನು ಬರಹಕ್ಕೆ ಇಳಿಸಿದೆ, 14 ತಿಂಗಳು ಹಿಡಿಯಿತು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಮಯ ಇದ್ದಾಗ ಓದಿ.

ಮೊದಲು ನಾನು ಮಾಡಿದ ತಪ್ಪು. ಒಂದನೇ ಫೈಲಿನ ಒಂದನೇ ನಿಮಿಷದಿಂದ ಟೈಪ್ ಮಾಡಲು ಕೂತೆ. ಹಾಂ, ಹೂಂ, ಕೆಮ್ಮು, ‘ಕಾಫಿ ಕುಡಿತ್ಯಾ’ ಎಲ್ಲವನ್ನೂ ಬರೆದೆ. ಮೂರು ವಾರಕ್ಕೆ ಎರಡು ಗಂಟೆಯಷ್ಟು ಆಡಿಯೊ ಮುಗಿಯಿತು. ಸಾಕಾಗಿ ಬಿಟ್ಟುಬಿಟ್ಟೆ. ನಾಲ್ಕು ತಿಂಗಳು ಆ ಕಡೆ ತಿರುಗಿ ನೋಡಲಿಲ್ಲ.

ನನ್ನ ಕೈಗೆ ಒಂದು ಗಂಟೆಯ ಮಾತು ಬರೆಯಲು ಆರು ಗಂಟೆ ಬೇಕು. ಅಪ್ಪ ಮೆಲ್ಲಗೆ ಮಾತಾಡಿದ ಕಡೆ ಎಂಟು. ನಿಮ್ಮ 48 ಗಂಟೆಗೆ ಆರರಂತೆ ಹಿಡಿದರೂ 288 ಗಂಟೆ ಆಯಿತು. ದಿನಾ ಒಂದು ಗಂಟೆ ತಪ್ಪದೆ ಕೂತರೆ ಒಂಬತ್ತೂವರೆ ತಿಂಗಳು. ಕೆಲಸ, ಮನೆ ಇರುವವರಿಗೆ ಅದು ಎರಡು ವರ್ಷ. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಎಲ್ಲವನ್ನೂ ಅಕ್ಷರಕ್ಕೆ ಅಕ್ಷರ ಬರೆಯುವ ಅಗತ್ಯ ಇಲ್ಲ ಅಂತ ಹೇಳುತ್ತಿದ್ದೇನೆ.

ಆಮೇಲೆ ಮಾಡಿದ್ದು ಹೀಗೆ. ಬರೆಯುವುದನ್ನು ಬಿಟ್ಟು ಸುಮ್ನೆ ಕೇಳುತ್ತಾ ಹೋದೆ. ತೋಟದಲ್ಲಿ ಕೆಲಸ ಮಾಡುವಾಗ, ಬಸ್ಸಿನಲ್ಲಿ ಹೋಗುವಾಗ ಒಂದು ಕಿವಿಗೆ ಇಯರ್‌ಫೋನ್. ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಳ್ಳುತ್ತಿದ್ದೆ. ಫೈಲಿನ ನಂಬರ್, ಎಷ್ಟನೇ ನಿಮಿಷ, ಏನು ಮಾತು. ‘17ನೇ ಫೈಲ್, 12 ನಿಮಿಷ, ಅಪ್ಪನ ಮದುವೆಗೆ ದಿಬ್ಬಣ ಹೋದದ್ದು.’ ಇಷ್ಟೇ. ಎರಡು ತಿಂಗಳಲ್ಲಿ 31 ಗಂಟೆಗೂ ಇಂಥ ಪಟ್ಟಿ ಸಿದ್ಧವಾಯಿತು. ಅದಾದ ಮೇಲೆ ಗೊತ್ತಾಗಿದ್ದು, ಒಂದೇ ಕಥೆಯನ್ನು ಅಪ್ಪ ನಾಲ್ಕು ಸಲ ಹೇಳಿದ್ದಾರೆ, ಒಂದೊಂದು ಸಲ ಒಂದೊಂದು ವಿವರ ಜಾಸ್ತಿ. ಯಾವ ಸಲದ್ದು ಚೆನ್ನಾಗಿದೆ ಅಂತ ಆರಿಸಿಕೊಂಡೆ. ಕೊನೆಗೆ ಪೂರ್ತಿ ಬರೆದದ್ದು 9 ಗಂಟೆಯದ್ದು. ಉಳಿದದ್ದಕ್ಕೆ ಪಟ್ಟಿಯ ಸಾಲು ಇದೆ, ಯಾರಿಗೆ ಬೇಕಾದರೂ ಹುಡುಕಿ ಕೇಳಬಹುದು. ನನಗೆ ಇದರಲ್ಲಿ ಏನೂ ಕಳೆದುಕೊಂಡ ಹಾಗೆ ಅನ್ನಿಸಿಲ್ಲ.

ಫೈಲಿನ ಹೆಸರೂ ಆಗಲೇ ಬದಲಾಯಿಸಿ. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಆಮೇಲೆ ವಿಷಯ. ‘2023-05-14 ಮುಳುಗಡೆ ಮನೆ ಬಿಟ್ಟ ದಿನ’ ಅಂತ. ಹೀಗಿಟ್ಟರೆ ತಾನಾಗಿಯೇ ತಾರೀಖಿನ ಸಾಲಿಗೆ ಬರುತ್ತವೆ. ರೆಕಾರ್ಡ್ ಮಾಡಿದ ತಾರೀಖು ಫೈಲಿನ ವಿವರದಲ್ಲಿರುತ್ತದೆ, ಆದರೆ ಅಲ್ಲಿಂದ ಇಲ್ಲಿಗೆ ಕಾಪಿ ಮಾಡುವಾಗ ಅದು ಬದಲಾಗುವುದುಂಟು. ಈಗಲೇ ನೋಡಿ ಬರೆದುಕೊಳ್ಳಿ.

ಇನ್ನು ಆಪ್ ವಿಷಯ. ಓಪನ್‌ಎಐನವರು 2022ರಲ್ಲಿ ಮಾತು ಕೇಳಿ ಬರಹ ಮಾಡುವ ವಿಸ್ಪರ್ ಅನ್ನುವ ಪ್ರೋಗ್ರಾಂ ಉಚಿತವಾಗಿ ಬಿಟ್ಟರು. ಅಳಿಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಅದಕ್ಕೆ ಕನ್ನಡವೂ ಬರುತ್ತದೆ. ರೇಡಿಯೊ ವಾರ್ತೆಯಂಥ ಮಾತು ಪರವಾಗಿಲ್ಲ ಅನ್ನುವ ಹಾಗೆ ಬರೆಯಿತು. ಅಪ್ಪನ ಮಾತಿಗೆ ಬಂದಾಗ ತೊಂದರೆ ಶುರುವಾಯಿತು. ಅಪ್ಪ ಸುಮ್ಮನಾಗಿ ಯೋಚಿಸುವ ಕಡೆ, ಯಾರೂ ಆಡದ ಒಂದೇ ಸಾಲನ್ನು ಹತ್ತು ಸಲ ಬರೆಯಿತು. ಇದು ಬೇಗ ಕಣ್ಣಿಗೆ ಬೀಳುತ್ತದೆ, ಅಳಿಸಬಹುದು. ಕಣ್ಣಿಗೆ ಬೀಳದ ತಪ್ಪುಗಳದ್ದೇ ಭಯ. ಎರಡು ಉದಾಹರಣೆ ಕೊಡುತ್ತೇನೆ, ನಿಮ್ಮ ಅಜ್ಜನ ಮಾತಿನಲ್ಲೂ ಇವು ಇದ್ದೇ ಇರುತ್ತವೆ.

ಅಪ್ಪ ಹೇಳಿದ್ದು ‘ಆ ವರ್ಷ ಕೊನೆಗೌಡ ಬರ್ಲೇ ಇಲ್ಲ’ ಅಂತ. ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವವನು ಬರಲಿಲ್ಲ, ಕೊಯ್ಲು ನಿಂತಿತು ಅನ್ನುವ ಕಥೆ ಅದು. ಯಂತ್ರ ಬರೆದದ್ದು ‘ಆ ವರ್ಷ ಕೊನೆಗೂ ಬರಲೇ ಇಲ್ಲ.’ ಇನ್ನೊಂದು ಕಡೆ, ಮಳೆಗಾಲದಲ್ಲಿ ಕೊಳೆ ರೋಗ ಬರದ ಹಾಗೆ ಅಡಿಕೆ ಕೊನೆಗೆ ‘ಕೊಟ್ಟೆ ಕಟ್ಟಿದ್ದು’ ಅಂದರು, ಅಂದರೆ ಹೊದಿಕೆ ಕಟ್ಟಿದ್ದು. ಯಂತ್ರ ‘ಕೋಟೆ ಕಟ್ಟಿದ್ದು’ ಅಂತ ಬರೆಯಿತು. ಎರಡೂ ವಾಕ್ಯ ಓದಲು ಸರಿಯಾಗಿಯೇ ಇವೆ. ತಪ್ಪು ಅಂತ ಅನ್ನಿಸುವುದೇ ಇಲ್ಲ. ಆಡಿಯೊ ಹಾಕಿ ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ. ನಾಳೆ ನಮ್ಮ ಮೊಮ್ಮಕ್ಕಳು ಆ ಬರಹ ಓದಿದರೆ ಕೊನೆಗೌಡ ಅನ್ನುವವನು ಇದ್ದದ್ದೇ ಅವರಿಗೆ ತಿಳಿಯುವುದಿಲ್ಲ.

ಮದ್ರಾಸ್ ಐಐಟಿಯ ಎಐ4ಭಾರತ್ ತಂಡದವರು ಭಾರತದ ಭಾಷೆಗಳಿಗೇ ಅಂತ ಮಾಡಿ ಉಚಿತವಾಗಿ ಬಿಟ್ಟ, ಇದೇ ಕೆಲಸ ಮಾಡುವ ಮಾಡೆಲ್‌ಗಳೂ ಇವೆ. ಅಪ್ಪನ ಮಾತಿಗೆ ಅದು ಇನ್ನಷ್ಟು ಹತ್ತಿರ ಬಂತು. ಆದರೂ ‘ಎಂತಕ್ಕೆ’ ಅಂದದ್ದನ್ನು ಅಲ್ಲಲ್ಲಿ ‘ಏತಕ್ಕೆ’ ಅಂತ ತಿದ್ದಿಬಿಟ್ಟಿತ್ತು. ನನಗೆ ಬೇಕಿದ್ದದ್ದು ಅಪ್ಪನ ‘ಎಂತಕ್ಕೆ’ಯೇ.

ಕೊನೆಗೆ ನನಗೆ ಒಗ್ಗಿದ್ದು ಬೇರೆಯೇ ದಾರಿ. ಇಯರ್‌ಫೋನಿನಲ್ಲಿ ಅಪ್ಪನ ಒಂದು ವಾಕ್ಯ ಕೇಳುತ್ತೇನೆ, ನಿಲ್ಲಿಸುತ್ತೇನೆ, ಅದನ್ನೇ ನನ್ನ ಬಾಯಲ್ಲಿ ಬಿಡಿಸಿ ಹೇಳುತ್ತೇನೆ. ಗೂಗಲ್ ಕೀಬೋರ್ಡಿನ ಕನ್ನಡ ವಾಯ್ಸ್ ಟೈಪಿಂಗ್ ಅದನ್ನು ಬರೆದುಕೊಳ್ಳುತ್ತದೆ. ಯಂತ್ರಕ್ಕೆ ನನ್ನ ಸ್ವರ ಸ್ಪಷ್ಟ, ಫ್ಯಾನಿನ ಸದ್ದಿಲ್ಲ. ಚುಕ್ಕಿ, ಕಾಮಾ ಮತ್ತು ಊರಿನ ಮಾತು ನಾನು ಆಮೇಲೆ ಹಾಕುತ್ತೇನೆ. ಆರು ಗಂಟೆಯ ಕೆಲಸ ಮೂರೂವರೆಗೆ ಇಳಿಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಒಂದೊಂದು ವಾಕ್ಯವೂ ನನ್ನ ಕಿವಿ ದಾಟಿಯೇ ಹೋಗುತ್ತದೆ.

ಇನ್ನೊಂದು ಮಾತು, ಇದು ತಡ ಮಾಡುವಂಥದ್ದಲ್ಲ. ಅಜ್ಜ ಇರುವಾಗಲೇ ಹೆಸರುಗಳ ಪಟ್ಟಿ ಮಾಡಿ. ಮುಳುಗಿದ ಊರು, ಹೊಳೆ, ಗುಡ್ಡ, ಮನೆತನ, ಭತ್ತದ ತಳಿ, ದನದ ಹೆಸರು ಸಹ. ದೊಡ್ಡ ಅಕ್ಷರದಲ್ಲಿ ಬರೆದು ಅವರ ಮುಂದೆ ಓದಿ, ಸರಿಯಾ ಅಂತ ಕೇಳಿ. ನಮ್ಮಪ್ಪ ಹೋದ ಮೇಲೆ ಹನ್ನೊಂದು ಹೆಸರು ನನಗೆ ಬಿಡಿಸಲಾಗದೆ ಉಳಿದಿವೆ. ಕೇಳಿಸುತ್ತದೆ, ಆದರೆ ಯಾವ ಊರು, ಯಾರ ಮನೆ ಅಂತ ಹೇಳುವವರು ಇಲ್ಲ. ನಿಮ್ಮ ಅಜ್ಜನ ಊರುಗಳಂತೂ ನೀರಿನ ಕೆಳಗಿವೆ, ಹೋಗಿ ಕೇಳುವ ಹಾಗೂ ಇಲ್ಲ.

ಧಾರವಾಡದಿಂದ:

ಶಿರಸಿಯವರು ಹೇಳಿದ್ದು ಖರೇ. ನಾನು ಬೀಸುವ ಪದ, ಸೋಬಾನೆ ಪದ ಹಳ್ಳಿಗಳಲ್ಲಿ ರೆಕಾರ್ಡ್ ಮಾಡುತ್ತೇನೆ. ನೀವು ಮುಂದೆಯೂ ಅಜ್ಜನ ಮಾತು ಹಿಡಿಯುವವರಲ್ವಾ, ಅದಕ್ಕೆ ನಾಲ್ಕು ಮಾತು.

ಶುರು ಮಾಡುವ ಮೊದಲು ಏರೋಪ್ಲೇನ್ ಮೋಡ್ ಹಾಕಿರಿ. ನಡುವೆ ಕಾಲ್ ಬಂದರೆ ರೆಕಾರ್ಡಿಂಗ್ ನಿಂತುಬಿಡಬಹುದು. ಕೆಲವು ಫೋನಿನಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಇದ್ದರೆ, ಸ್ಕ್ರೀನ್ ಆರಿದ ಮೇಲೆ ರೆಕಾರ್ಡರೂ ಸುಮ್ಮನಾಗುತ್ತದೆ. ಮೈಕು ಹೆಚ್ಚಿನ ಫೋನಿನಲ್ಲಿ ಕೆಳ ಅಂಚಿನಲ್ಲಿರುತ್ತದೆ. ಆ ತುದಿ ಅಜ್ಜನ ಕಡೆ ಇರಲಿ. ಮೇಜಿನ ಮೇಲೆ ನೇರ ಇಡಬೇಡಿರಿ, ಮಡಚಿದ ಟವೆಲ್ ಮೇಲೆ ಇಡಿರಿ. ಇಲ್ಲವಾದರೆ ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಕೇಳುತ್ತದೆ. ಫ್ಯಾನ್ ಬಂದ್ ಮಾಡಿರಿ. ನಿಮ್ಮ ಕಡೆ ಹಂಚಿನ ಮನೆ, ಮಳೆಗಾಲದಲ್ಲಿ ಒಳಗಿನ ಕೋಣೆಯೇ ಬೇಕು. ಮೊದಲ ಅರ್ಧ ನಿಮಿಷ ನೀವೇ ಮಾತಾಡಿರಿ. ಇವತ್ತು ಯಾವ ತಾರೀಖು, ಯಾವ ಊರು, ಯಾರು ಹೇಳುತ್ತಾರೆ, ರೆಕಾರ್ಡ್ ಮಾಡಲು ಅವರ ಒಪ್ಪಿಗೆ ಇದೆ ಅಂತ. ಫೈಲಿನ ಹೆಸರು ಎಲ್ಲೋ ಹೋದರೂ ಈ ಅರ್ಧ ನಿಮಿಷ ಅದರ ಜೊತೆಗೇ ಇರುತ್ತದೆ.

ಎರಡೆರಡು ಗಂಟೆ ಒಂದೇ ಫೈಲ್ ಮಾಡಬೇಡಿರಿ. ಫೋನುಗಳು ಸಾಮಾನ್ಯವಾಗಿ ಮಾಡುವ ಎಂ4ಎ ಫೈಲಿನೊಳಗೆ ಒಂದು ಸೂಚಿ ಇರುತ್ತದೆ. ಎಲ್ಲಿ ಏನಿದೆ ಅಂತ ಪ್ಲೇಯರಿಗೆ ಹೇಳುವುದು ಅದೇ. ಅದನ್ನು ಬರೆಯುವುದು ನೀವು ರೆಕಾರ್ಡಿಂಗ್ ನಿಲ್ಲಿಸಿದಾಗ. ನಡುವೆ ಚಾರ್ಜ್ ಖಾಲಿಯಾಗಿ ಫೋನ್ ಆರಿದರೆ, ಮಾತೆಲ್ಲ ಫೈಲಿನಲ್ಲಿದ್ದೂ ಅದು ತೆರೆಯುವುದಿಲ್ಲ. ನನ್ನ ಒಂದು ಫೈಲ್ ಹೀಗಾಗಿತ್ತು. ಅನ್‌ಟ್ರಂಕ್ ಅನ್ನುವ ಉಚಿತ ಪ್ರೋಗ್ರಾಂಗೆ ಅದೇ ಫೋನಿನ ಇನ್ನೊಂದು ಸರಿಯಾದ ಫೈಲ್ ಮಾದರಿಗೆ ಕೊಟ್ಟು ಉಳಿಸಿಕೊಂಡೆ. ಹಾಗಾಗಿ ತೆರೆಯದ ಫೈಲ್ ಇದ್ದರೆ ಅಳಿಸಬೇಡಿರಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹೊಸದು ಶುರು ಮಾಡುವುದು ಒಳ್ಳೆಯದು. ಅಜ್ಜನಿಗೂ ನೀರು ಕುಡಿಯಲು ಬಿಡುವು ಸಿಗುತ್ತದೆ.

ಕೈಯಲ್ಲಿ ಟೈಪ್ ಮಾಡುವವರಿಗೆ ಒಟ್ರಾನ್‌ಸ್ಕ್ರೈಬ್ ಅಂತ ಉಚಿತ ಸೈಟ್ ಇದೆ. ಆಡಿಯೊ, ಬರಹ ಎರಡೂ ಒಂದೇ ಕಿಟಕಿಯಲ್ಲಿ. ಎಸ್ಕೇಪ್ ಕೀ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಮಾತಾಡುತ್ತದೆ. ವೇಗ ಕಡಿಮೆ ಮಾಡಬಹುದು. ನಿಮ್ಮ ಆಡಿಯೊ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಟೈಪ್ ಮಾಡುವುದು ಯುನಿಕೋಡ್‌ನಲ್ಲೇ ಇರಲಿ, ಅಂದರೆ ಈಗಿನ ಎಲ್ಲ ಫೋನ್, ಕಂಪ್ಯೂಟರಿಗೂ ಓದಲು ಬರುವ ಅಕ್ಷರದಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದರೆ ನಾಳೆ ಒಂದು ಶಬ್ದ ಹುಡುಕಲೂ ಬರುವುದಿಲ್ಲ.

ಆಡಿಯೊ ಅಳಿಸಬಹುದಾ ಅಂತ ಕೇಳಿದಿರಿ. ಬೇಡ, ಯಾವತ್ತೂ ಬೇಡ. ಹಾಡಿನ ಸಾಹಿತ್ಯ ನಾನು ಬರೆದಿದ್ದೇನೆ, ಆದರೆ ಬೀಸುವ ಕಲ್ಲಿನ ತಾಳಕ್ಕೆ ಆ ಅಜ್ಜಿ ಎಲ್ಲಿ ಉಸಿರು ತೆಗೆದುಕೊಂಡಳು ಅನ್ನುವುದು ಯಾವ ಅಕ್ಷರದಲ್ಲೂ ಬಂದಿಲ್ಲ.

ಜರ್ಮನಿಯಿಂದ:

ಅಮ್ಮ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಅಡುಗೆಯ ವಾಯ್ಸ್ ಮೆಸೇಜ್‌ಗಳನ್ನು ನಾನು ಬರೆದಿಡುತ್ತೇನೆ. ಆಂಡ್ರಾಯ್ಡ್‌ನಲ್ಲಿ ಅವು ‘ವಾಟ್ಸ್ಆ್ಯಪ್ ವಾಯ್ಸ್ ನೋಟ್ಸ್’ ಫೋಲ್ಡರಿನಲ್ಲಿ ಓಪಸ್ ಫೈಲಾಗಿ ಇರುತ್ತವೆ, ಹೆಸರಿನಲ್ಲೇ ತಾರೀಖು ಇರುತ್ತದೆ. ನಿಮ್ಮ ಅಜ್ಜನದ್ದೂ ಹೀಗೆ ಯಾರ ಫೋನಿನಲ್ಲಾದರೂ ಇರಬಹುದು, ನೆಂಟರನ್ನು ಕೇಳಿ ನೋಡಿ. ನಿಮ್ಮ ರೆಕಾರ್ಡಿಂಗ್ ಯಾರಿಗಾದರೂ ಕಳಿಸುವಾಗ ಆಡಿಯೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ನೀವಿಟ್ಟ ಹೆಸರು ಹಾಗೇ ಉಳಿಯುತ್ತದೆ.

ಕೇಳಿದವರು:

ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು. ನಿನ್ನೆ ರಾತ್ರಿಯೇ ಮೂರು ಕಡೆ ಕಾಪಿ ಮಾಡಿದೆ. ಒಟ್ಟು 2.7 ಜಿಬಿ, ಮೈಸೂರಿನವರ ಲೆಕ್ಕ ಸರಿ ಇದೆ. ಎರಡು ಫೈಲ್ ತೆರೆಯುತ್ತಿಲ್ಲ, ಧಾರವಾಡದವರು ಹೇಳಿದ್ದನ್ನು ಮಾಡಿ ನೋಡುತ್ತೇನೆ. ಒಂದು ಫೈಲನ್ನು ಯಂತ್ರಕ್ಕೆ ಕೊಟ್ಟು ನೋಡಿದೆ. ಅಜ್ಜ ಹಿರೇಭಾಸ್ಕರ ಅಣೆಕಟ್ಟೆಯ ಬಗ್ಗೆ ಹೇಳಿದ್ದರು, ಲಿಂಗನಮಕ್ಕಿಗಿಂತ ಮೊದಲಿದ್ದದ್ದು, ಈಗ ಅದೂ ಅದೇ ನೀರಿನ ಒಳಗಿದೆ. ಯಂತ್ರ ಅದನ್ನು ‘ಹಿರಿಯ ಭಾಸ್ಕರ್’ ಅಂತ ಒಬ್ಬ ಮನುಷ್ಯನ ಹೆಸರು ಮಾಡಿಬಿಟ್ಟಿದೆ.

ಒಂದು ಪ್ರಶ್ನೆ ಉಳಿಯಿತು. ಕೆಲವು ಕಡೆ ಅಜ್ಜ ಪರಿಹಾರದ ಹಣ, ಜಮೀನಿನ ಜಗಳದ ಬಗ್ಗೆ ನೆಂಟರ ಹೆಸರು ಹಿಡಿದು ಮಾತಾಡಿದ್ದಾರೆ. ಅದನ್ನೂ ಬರೆಯಬೇಕಾ?

ಶಿರಸಿಯಿಂದ:

ಬರೆದಿಡಿ, ಆದರೆ ಬೇರೆ ಫೈಲಿನಲ್ಲಿ. ಮನೆಯವರಿಗೆ ಕೊಡುವ ಪುಸ್ತಕಕ್ಕೆ ಯಾವುದು ಹೋಗಬೇಕು ಅಂತ ಅಜ್ಜನನ್ನೇ ಕೇಳಿ. ಅವರು ಬೇಡ ಅಂದದ್ದನ್ನು ಹಾಕಬೇಡಿ. ನಮ್ಮಪ್ಪ ಎರಡು ಕಡೆ ಬೇಡ ಅಂದರು, ಮೂರನೆಯ ಕಡೆ ‘ಇರಲಿ, ಅವನೇ ಬಂದು ಓದಲಿ’ ಅಂದರು. ಅಂಥ ಭಾಗಗಳನ್ನು ಆನ್‌ಲೈನ್ ಸೈಟುಗಳಿಗೂ ಹಾಕಬೇಡಿ, ಕಂಪ್ಯೂಟರಿನಲ್ಲೇ ಮಾಡಿ ಅಥವಾ ಕೈಯಲ್ಲಿ ಬರೆಯಿರಿ.

ಕೇಳಿದವರು:

ಸರಿ. ಶನಿವಾರ ಊರಿಗೆ ಹೋಗುತ್ತಿದ್ದೇನೆ. ಹೆಸರಿನ ಪಟ್ಟಿ ಇಲ್ಲಿಯವರೆಗೆ 62 ಆಗಿದೆ. ಅದರಲ್ಲಿ ಏಳು ಊರಿನ ಹೆಸರು ನನಗೆ ಸರಿಯಾಗಿ ಕೇಳಿಸಿಲ್ಲ. ಮೊದಲು ಅವನ್ನೇ ಕೇಳುತ್ತೇನೆ.